ಎರವಲು ಹೋದ ಇಪ್ಪತ್ನಾಲ್ಕು ಸಾವಿರ

ಹೊಳಬಸಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಆದರೂ, "ನಾನಽ ಓದಿದೆ" ಎಂದ. ಎರಡನೆಯ ಸಲ ಕೇಳಿದಾಗಲೂ ಅದನ್ನೇ ಹೇಳಿದ.

ಸಬ್ ಇನ್ಸ್‌ಪೆಕ್ಟರ್ ಕಸ್ತೂರಿ ಮೂರನೆಯ ಸಲ ಕೇಳಲಿಲ್ಲ. ಬಾಗಲಕೋಟೆಯಿಂದ ಇಲ್ಲಿಯವರೆಗಿನ ರಸ್ತೆಗೆ ಅವಳ ಸೊಂಟ ಹಿಡಿದಿತ್ತು. ಶಿವಯೋಗ ಮಂದಿರದ ಗೋಶಾಲೆಯ ಹಿಂದೆ, ವಿಭೂತಿಗೆಂದು ಒಣಹಾಕಿದ ಸಗಣಿ ಕುಳ್ಳುಗಳ ಸಾಲಿನ ಪಕ್ಕ ಒಂದು ಕಲ್ಲು ಹುಡುಕಿ ಕೂತಳು. ಎದುರಿಗೆ ಮುದುಕ ಕುಕ್ಕರುಗಾಲಲ್ಲಿ ಕೂತು ಕುಳ್ಳು ಮಗುಚಿ ಹಾಕುತ್ತಿದ್ದ. ಇಳಕಲ್ಲಿನ ಗ್ರಾನೈಟ್ ಕಾರ್ಮಿಕರ ಔಷಧ ನಿಧಿಗೆ ಅವನು ಖಜಾಂಚಿ. ನಿಧಿಯ ಅರ್ಧ ಆಸ್ತಿಯನ್ನು ಒಂದೇ ಮುಂಜಾನೆ ಅಗ್ಗಕ್ಕೆ ಮಾರಿಸಿ, ಜನ ಮನೆಯ ಮುಂದೆ ಬಂದು ಕೂಗಾಡಿದಾಗ ಊರು ಬಿಟ್ಟು ಇಲ್ಲಿ ಸೇರಿಕೊಂಡವನು.

ಕಸ್ತೂರಿ ತನ್ನ ಫೋನನ್ನು ಅವನ ಕೈಗೆ ಕೊಟ್ಟಳು. "ಯಜಮಾನ್ರ, ಇದನ್ನ ಓದ್ರಿ ನೋಡೂಣು."

ಮಾರಿದ ವಾರದ ಷೇರುಪೇಟೆಯ ಪುಟವನ್ನು ಅವಳು ಚಿತ್ರವಾಗಿ ಉಳಿಸಿಕೊಂಡಿದ್ದಳು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಹೊಳಬಸಪ್ಪ ಫೋನನ್ನು ಕಣ್ಣಿಗೆ ದೂರ ಹಿಡಿದ, ಆಮೇಲೆ ಹತ್ತಿರ ತಂದ.

"ಹದಿನೈದು" ಎಂದ.

"ಏನು ಹದಿನೈದು?"

"ನೂರಕ್ಕ ಹದಿನೈದು."

"ಅದಽ, ಏನು ನೂರಕ್ಕ ಹದಿನೈದು?"

"ಅಂಕಿ ಎಲ್ಲಾ ಊರಾಗೂ ಒಂದಽ ಇರ್ತಾವ್ರಿ ಯವ್ವಾ."

"ಅಂಕಿ ಒಂದಽ ಇರ್ತಾವ. ಅಂಕಿ ಬಾಜೂಕ ಬರದದ್ದನ್ನ ಯಾರು ಓದಿ ಹೇಳಿದ್ರು?"

ಅವನು ಫೋನು ಹಿಂದಕ್ಕೆ ಕೊಟ್ಟು ಇನ್ನೊಂದು ಕುಳ್ಳು ಮಗುಚಿದ. ಒಣಗಿರದ ಮೈ ಮೇಲೆ ಬಂತು. ನೊಣಗಳೂ ಬಂದವು.

"ಬಿಡ್ರಿ, ಓದಿದ್ರಿ ಅಂತಽ ಇಟ್ಕೊಳ್ಳೂಣು" ಎಂದಳು ಕಸ್ತೂರಿ. "ಹದಿನೈದು ಅಂತ ಗೊತ್ತಾದ ಕೂಡಲೆ ಮಾರಾಕ ಯಾಕ ಹೊಂಟ್ರಿ?"

ಈ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು. ಕೈ ಝಾಡಿಸಿ ಸರಿಯಾಗಿ ಕೂತ.

"ನಾ ಕಲ್ಲಿನ ಯಾರ್ಡಿನಾಗ ಕೂದಲು ಹಣ್ಣು ಮಾಡಿಕೊಂಡಾಂವ್ರಿ. ಖಣಿಯಿಂದ ಬ್ಲಾಕ್ ತಂದು ನಿಲ್ಲಸ್ತಾರ. ಖರೀದಿಯವ್ರು ಬರ್ತಾರ, ಕಲ್ಲಿಗೆ ನೀರು ಹೊಡಿತಾರ. ಮೈ ಎಲ್ಲಾ ಆರ್ತೈತಿ. ಬಿರುಕು ಇದ್ದಲ್ಲಿ ಮಾತ್ರ ಆರೂದಿಲ್ಲ, ಕೂದಲೆಳಿ ಹಂಗ ಕರ್ರಗ ಉಳೀತೈತಿ. ಅದನ್ನ ಕಂಡಾಂವ ಬಾಯಿ ಬಿಡೂದಿಲ್ಲ. ಮೂಲ್ಯಾಗ ಬಣ್ಣದ ಒಂದು ಗೀಟು ಎಳದು ಹೋಗ್ತಾನ. ಮೂರು ಗೀಟು ಬಿದ್ದ ಕಲ್ಲಿಗೆ ನಾಕನೇದಾಂವ ನೀರೂ ಹೊಡಿಯೂದಿಲ್ಲ."

"ಅದಕ್ಕ?"

"ನೂರಕ್ಕ ಹದಿನೈದು ಮಂದಿ ಗೀಟು ಎಳದು ಹೋಗ್ಯಾರ ಅಂದ್ರ ಒಳಗ ಬಿರುಕು ಐತಿ ಅಂತ ತಿಳಕೊಂಡೆ. ಕಮಿಟಿಗೂ ಹಂಗಽ ಹೇಳಿದೆ. ಅವ್ರೂ ಯಾರ್ಡಿನವ್ರಽ. ಒಬ್ಬನೂ ಎದುರು ಮಾತಾಡ್ಲಿಲ್ಲ."

ಕಸ್ತೂರಿ ಮನಸ್ಸಿನಲ್ಲೇ ತೂಗಿ ನೋಡಿದಳು. ಬೇರೆ ಊರಿನ ಕಮಿಟಿಯಾಗಿದ್ದರೆ ನಾಲ್ಕು ಜನ ಜಗಳವಾಡುತ್ತಿದ್ದರು, ಇನ್ನೊಂದು ತಿಂಗಳು ನೋಡೋಣ ಎನ್ನುತ್ತಿದ್ದರು. ಈ ಹೆದರಿಕೆ ಯಾರ್ಡಿನವರ ಮೇಲೆ ಮಾತ್ರ ನಡೆಯುವಂಥದ್ದು. ಆ ಸಂಖ್ಯೆ ತಂದುಕೊಟ್ಟವನಿಗೆ ಪೇಟೆಯೂ ಗೊತ್ತಿತ್ತು, ಯಾರ್ಡೂ ಗೊತ್ತಿತ್ತು.

"ಇವತ್ತು ಸಂಜಿಗೆ ನಾ ವರದಿ ಕೊಡಬೇಕು" ಎಂದಳು. "ಸಾಹೇಬ್ರಿಗೆ ಒಂದು ಹೆಸರು ಬೇಕಾಗೇತಿ. ನೀವು ಯಾರದೂ ಹೇಳ್ಲಿಲ್ಲ ಅಂದ್ರ ನಿಮ್ಮದಽ ಬರೀತಾರ. ಖಜಾಂಚಿನಽ ಆರೋಪಿ ಆದ್ರ ಕೇಸು ಮುಗಿಯೂತನಕ ನಿಧಿಯ ಖಾತೆ ಬಂದ್. ಹನ್ನೊಂದು ಮಂದಿಗೆ ಔಷಧ ಹೋಗಬೇಕು, ಗೊತ್ತೈತಿಲ್ಲ ನಿಮಗ?"

ಕಲ್ಲು ಕೊಯ್ಯುವ ಧೂಳು ಪುಪ್ಪಸದಲ್ಲಿ ಕೂತ ಹನ್ನೊಂದು ಜನ. ಅವರೆಲ್ಲರ ಹೆಸರೂ ಅವನಿಗೆ ಗೊತ್ತಿತ್ತು.

"ಬೋರವ್ವನ ಮಗ ಗಾಳೆಪ್ಪ ಹೆಂಗದಾನ್ರಿ?"

"ಕೂತಲ್ಲೇ ನಿದ್ದಿ ಮಾಡ್ತಾನ. ಮಲಗಿದ್ರ ಉಸಿರು ಸಿಗವಲ್ದು."

ಹೊಳಬಸಪ್ಪ ತಲೆ ಎತ್ತಿ ಅವಳನ್ನು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡಳು ಕಸ್ತೂರಿ. ಅವನು ಹೇಳಿದ್ದು ಬೇರೆ.

"ನಮ್ಮ ಶೀಲಾ ಇವತ್ತು ಕೆಲಸಕ್ಕ ಹೋಗ್ಯಾಳೇನ್ರಿ?"

ಶೀಲಾ ಅವನ ಒಬ್ಬಳೇ ಮಗಳು. ಇಳಕಲ್ಲಿನಲ್ಲಿ ವಿಜಯಮಹಾಂತೇಶ ಎಂಬವನ ಹಣಕಾಸು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ನಿಧಿಯ ಖರೀದಿ, ಮಾರಾಟ ಎಲ್ಲ ಆ ಕಚೇರಿಯ ಮೂಲಕವೇ ನಡೆದಿತ್ತು.

"ಆಕಿ ಸುದ್ದಿ ಯಾಕ್ರಿ ಈಗ?"

"ಸುಮ್ನ ಕೇಳಿದೆ" ಎಂದು ಅವನು ಮುಖ ತಿರುಗಿಸಿದ. "ನನ್ನ ಹೆಸರಽ ಬರ್ಕೊರಿ ಯವ್ವಾ. ವಯಸ್ಸಾತು. ಜೇಲಿನಾಗೂ ಊಟಾ ಹಾಕ್ತಾರ."

* * *

ಜೀಪಿನ ಒಳಗೆ ಕುಲುಮೆಯಂಥ ಕಾವು. ಹೆಡ್ ಕಾನ್‌ಸ್ಟೇಬಲ್ ಫಕ್ರುಸಾಬ ಒದ್ದೆ ಟವೆಲನ್ನು ಸ್ಟಿಯರಿಂಗಿಗೆ ಸುತ್ತಿ ಓಡಿಸುತ್ತಿದ್ದ. ನಿವೃತ್ತಿಗೆ ಬಂದ ಮನುಷ್ಯ. ಅವನಿಗೆ ಈ ಕೇಸು ಹಿಡಿಸಿರಲಿಲ್ಲ.

"ಕಳ್ಳತನ ಅಂದ್ರ ಬೀಗ ಮುರದಿರಬೇಕ್ರಿ ಮೇಡಂ" ಎಂದ. "ಇದರಾಗ ಬೀಗನೂ ಇಲ್ಲ, ಬಾಗಿಲಾನೂ ಇಲ್ಲ. ಶಾರ್ಟ್, ಶಾರ್ಟ್ ಅಂತೀರಿ. ನನಗಿನ್ನೂ ತಿಳಿವಲ್ದು."

"ನಿಧಿಯವರ ರೊಕ್ಕ ಬಾಂಡ್ ಇಟಿಎಫ್ ಅನ್ನೂದರಾಗ ಇತ್ತು. ದೊಡ್ಡ ದೊಡ್ಡ ಕಂಪನಿಗೋಳು ಸಾಲಾ ತಗೊಂಡು ಬರಕೊಟ್ಟ ಕಾಗದಾ ಎಲ್ಲಾ ಕೂಡಿಸಿ ಒಂದು ಗಂಟು. ಆ ಗಂಟಿನ ಪಾಲು ಷೇರುಪೇಟಿಯೊಳಗ ಮಾರತಾರ. ಒಂದು ಪಾಲಿಗೆ ಒಂದು ಯೂನಿಟ್."

"ಇಷ್ಟು ತಿಳೀತು."

"ನಿಮ್ಮ ಮನ್ಯಾಗ ಜ್ವಾಳ ತೀರಿದಾಗ ಬಾಜೂ ಮನಿಯಿಂದ ಎರವಲು ತರ್ತಿದ್ರೋ ಇಲ್ಲೋ?"

"ನಮ್ಮವ್ವ ತರ್ತಿದ್ಲು. ಸುಗ್ಗಿ ಆದ ಮ್ಯಾಲ ಅಷ್ಟಽ ಅಳದು ಕೊಡ್ತಿದ್ಲು."

"ತಂದ ಚೀಲಾನ ತುಟ್ಟಿ ಇದ್ದಾಗ ಸಂತ್ಯಾಗ ಮಾರಿ, ಸುಗ್ಗಿಯೊಳಗ ಸೋವಿ ಆದಾಗ ಇನ್ನೊಂದು ಚೀಲಾ ಕೊಂಡು ತಿರುಗಿ ಕೊಟ್ರ?"

ಫಕ್ರುಸಾಬ ಗೇರು ಬದಲಿಸಿದ. "ನಡುವಿನ ರೊಕ್ಕ ನಮ್ದು."

"ಅದಽ ಶಾರ್ಟ್. ಹಂಗ ಎರವಲು ಹೋಗಿ, ಮಾರಿ, ಇನ್ನೂ ತಿರುಗಿ ಬರದಿದ್ದ ಯೂನಿಟ್ ಎಷ್ಟು ಅನ್ನೂದಕ್ಕ ಶಾರ್ಟ್ ಇಂಟರೆಸ್ಟ್ ಅಂತಾರ. ಮುದುಕ ನೋಡಿದ ಹದಿನೈದು ಅದು."

"ಅಯ್ಯ, ಹಂಗಾದ್ರ ನಮ್ಮವ್ವನೂ ಪೇಟಿ ಆಡಿದಂಗಾತು. ಖರೆ ಮಾರಾಕ ಎಲ್ಲಿ ಉಳೀತಿತ್ರಿ? ರೊಟ್ಟಿ ಬಡದು ತಿಂದು ತೀರಸ್ತಿದ್ವಿ."

ಕಸ್ತೂರಿಗೆ ನಗು ಬಂತು, ಸೊಂಟ ನೋಯಿತು. ಈ ವಿಷಯವನ್ನು ಅವಳು ಕಲಿತದ್ದೇ ಕಳೆದ ವಾರ. ಮುಂಬೈಯ ಅಧಿಕಾರಿಯೊಬ್ಬ ಫೋನಿನಲ್ಲಿ ಆಕಳಿಸುತ್ತ ಹೇಳಿಕೊಟ್ಟಿದ್ದ. ಆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಗಂಟು ಕೊಳೆತಿದೆ ಎಂದು ಅರ್ಥವಲ್ಲ. ತನ್ನ ಹತ್ತಿರದ ಬಾಂಡನ್ನು ಬೇಗ ಮಾರಲಾಗದವನು, ಬೆಲೆ ಬಿದ್ದರೆ ನಷ್ಟ ತುಂಬಿಕೊಳ್ಳಲಿ ಎಂದೂ ಇಟಿಎಫ್ ಎರವಲು ತಂದು ಮಾರುತ್ತಾನೆ. ಅದು ಮಳೆ ಬಂತೆಂದು ಬಿಚ್ಚಿದ ಕೊಡೆಯಲ್ಲ, ಸುಮ್ಮನೆ ಕಂಕುಳಲ್ಲಿಟ್ಟುಕೊಂಡ ಕೊಡೆ. ಎಷ್ಟು ಎರವಲು ಹೋಗಿದೆ ಎಂದು ಸಂಖ್ಯೆ ಹೇಳುತ್ತದೆ. ಯಾಕೆ ಹೋಗಿದೆ, ಯಾರ ಕೈಗೆ ಹೋಗಿದೆ ಎಂದು ಹೇಳುವುದಿಲ್ಲ.

ಐಹೊಳೆ ದಾಟುವಾಗ ಪ್ರವಾಸಿಗಳ ಬಸ್ಸೊಂದು ದಾರಿ ಕಟ್ಟಿ ನಿಂತಿತ್ತು. ಫಕ್ರುಸಾಬ ಹಾರ್ನ್ ಹೊಡೆದು ಬೇಸತ್ತು ಎಂಜಿನ್ ಆರಿಸಿದ.

"ಒಂದು ಲೆಕ್ಕಾ ಹೇಳ್ತೇನಿ" ಎಂದಳು ಕಸ್ತೂರಿ. "ಈ ಇಟಿಎಫ್‌ಗೆ ಇರೂ ಯೂನಿಟ್ಟೇ ಒಟ್ಟ ಒಂದು ಲಕ್ಷದಾ ಅರವತ್ತು ಸಾವಿರ. ಸಣ್ಣದು. ಅದರಾಗ ನೂರಕ್ಕ ಹದಿನೈದು ಅಂದ್ರ?"

ಫಕ್ರುಸಾಬ ಬೆರಳು ಮಡಚಿದ. "ಇಪ್ಪತ್ನಾಲ್ಕು ಸಾವಿರ."

"ನಿಧಿಯವರ ಹತ್ರ ಇದ್ದದ್ದು ನಲವತ್ತೆಂಟು ಸಾವಿರ. ಸುಮ್ನ ಬಿದ್ದಿರ್ತಾವ, ಎರವಲು ಕೊಟ್ರ ಬಾಡಿಗಿ ಬರ್ತೈತಿ ಅಂತ ಅರ್ಧ ಕೊಟ್ಟಿದ್ರು. ಅರ್ಧ ಅಂದ್ರ?"

ಈ ಸಲ ಬೆರಳು ಬೇಕಾಗಲಿಲ್ಲ. ಅವನು ಹಿಂದಕ್ಕೆ ತಿರುಗಿ ಅವಳನ್ನೇ ನೋಡಿದ. ದಾರಿ ಬಿಟ್ಟರೂ ಜೀಪು ಹೊರಡಲಿಲ್ಲ.

"ಅಂದ್ರ ಇವ್ರು ಅಂಜಿದ್ದು ಇವ್ರ ಯೂನಿಟ್ಟಿಗೇನ್ರಿ?"

"ಬ್ಯಾರೆ ಯಾರವೂ ಅಲ್ಲ. ಕಲ್ಲಿನ ಮ್ಯಾಲ ಹದಿನೈದು ಮಂದಿ ಗೀಟು ಎಳದಿಲ್ಲ, ಫಕ್ರುಸಾಬ್ರ. ಒಬ್ಬನಽ ಎಳದಾನ. ಅದೂ ಇವ್ರ ಬಣ್ಣಾ ಇಸ್ಕೊಂಡು."

"ಇವನೌನ" ಎಂದ ಫಕ್ರುಸಾಬ. ಮಾತು ನುಂಗಿ, "ತಪ್ಪು ತಿಳಕೋಬ್ಯಾಡ್ರಿ" ಎಂದು ಎಂಜಿನ್ ಹಚ್ಚಿದ.

* * *

ವಿಜಯಮಹಾಂತೇಶನ ಕಚೇರಿ ಸೀರೆ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿತ್ತು. ಹೊರಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಶೀಲಾ ಕೂತಿದ್ದಳು. ತಂದೆಯದೇ ಅಗಲ ಹಣೆ.

"ನಿಮ್ಮಪ್ಪನ್ನ ನೋಡಿ ಬಂದೆ" ಎಂದಳು ಕಸ್ತೂರಿ.

"ಆರಾಮದಾನೇನ್ರಿ?"

"ಕುಳ್ಳು ಒಣಗಸಾಕತ್ತಾನ. ನೀ ಕೆಲಸಕ್ಕ ಬಂದಿಯೋ ಇಲ್ಲೋ ಅಂತ ಕೇಳಿದ."

ಶೀಲಾಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಆಮೇಲೆ ಮತ್ತೆ ನಡೆಯಿತು.

ಒಳಗೆ ವಿಜಯಮಹಾಂತೇಶ ಎದ್ದು ನಿಂತು ಕೈ ಮುಗಿದ. ನಲವತ್ತರ ಆಸುಪಾಸು, ಇಸ್ತ್ರಿಯ ಅಂಗಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಮುಂದೆ ಕೆಂಪು ಗ್ರಾನೈಟ್ ಹಾಸಿನ ಮೇಜು.

"ಬರ್ರಿ ಮೇಡಂ. ಚಾ ತರಸ್ಲ್ಯಾ?"

"ನೀರು ಸಾಕು. ಯೂನಿಟ್ ಎರವಲು ಕೊಡ್ರಿ ಅಂತ ಕಮಿಟಿಗೆ ಹೇಳಿದ್ದು ನೀವು."

"ಹೌದ್ರಿ. ಬಾಡಿಗಿ ಬಂದೈತಿ. ಯೂನಿಟ್ಟೂ ತಿರುಗಿ ಬಂದಾವ, ಒಂದೂ ಕಡಿಮಿ ಇಲ್ಲ. ತಪ್ಪೇನಾತು?"

"ಎರವಲು ಕೊಡೂದು ತಪ್ಪಲ್ಲ, ತರೂದೂ ತಪ್ಪಲ್ಲ. ಹದಿನೈದು ಅಂತ ಮುದುಕಗ ತೋರಿಸಿದ್ದು ಯಾರು?"

"ಪೇಟಿ ಪುಟಾ ಜಗತ್ತಿಗೇ ಕಾಣ್ತೈತಿ. ನಾ ತೋರಿಸಿಲ್ಲ. ಮಾರಬ್ಯಾಡ್ರಿ ಅಂತ ಕೈ ಮುಗದು ಹೇಳೇನಿ ಅವರಿಗೆ, ಕೇಳ್ರಿ ಬೇಕಾದ್ರ."

"ಅವ್ರು ಯಾಕ ಅಷ್ಟು ಅಂಜಿದ್ರು, ಗೊತ್ತೇನು?"

"ಅವರ ಯಾರ್ಡಿನ ಸುದ್ದಿ ನನಗೇನು ಗೊತ್ರಿ? ನಾ ಕಾಗದದ ಮನಷ್ಯಾ. ನಮ್ಮಪ್ಪ ಸೀರಿ ಮಾರಿದಾಂವ."

ಅವನು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದ. ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು. ಅಂಗೈಯಿಂದ ಅದನ್ನು ಅಗಲಕ್ಕೆ ಸವರಿದ. ಸವರಿ, ತಲೆ ಓರೆ ಮಾಡಿ, ಕಿಟಕಿಯ ಬೆಳಕಿಗೆ ಕಲ್ಲನ್ನು ನೋಡಿದ. ಫ್ಯಾನಿನ ಗಾಳಿಗೆ ತೇವ ಅಂಚಿನಿಂದ ಒಳಗೆ ಆರುತ್ತ ಬಂತು. ಪೂರ್ತಿ ಆರುವವರೆಗೆ ಅವನ ಕಣ್ಣು ಅಲ್ಲೇ ಇತ್ತು.

"ಬಿರುಕು ಕಾಣ್ತೇನ್ರಿ?" ಎಂದಳು ಕಸ್ತೂರಿ.

ಅವನು ನೆಟ್ಟಗೆ ಕೂತ. "ಏನು?"

"ಕಾಗದದ ಮನಷ್ಯಾ ನೀರು ಒರಸ್ತಾನ. ಆರೂತನಕ ನೋಡ್ಕೋತ ಕೂಡೂದಿಲ್ಲ."

ವಿಜಯಮಹಾಂತೇಶ ಒದ್ದೆ ಅಂಗೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಆಮೇಲೆ ಅವನು ನಕ್ಕ. "ಸಣ್ಣಾಂವಿದ್ದಾಗ ಸೂಟಿಯೊಳಗ ಸ್ವಾದರಮಾವನ ಯಾರ್ಡಿಗೆ ಹೋಗ್ತಿದ್ದೆ. ಅದಕ್ಕೂ ಬೇಡಿ ಹಾಕ್ತೀರೇನು?"

"ಇಲ್ಲ. ಒಂದು ಕಥಿ ಹೇಳ್ತೇನಿ, ತಪ್ಪಿದ್ರ ತಿದ್ದ್ರಿ." ಕಸ್ತೂರಿ ನೀರು ಕುಡಿದಳು. "ಒಬ್ಬಾಂವ ಇಪ್ಪತ್ನಾಲ್ಕು ಸಾವಿರ ಯೂನಿಟ್ ಎರವಲು ತಂದ. ಸಾವಿರದಾ ನೂರರಂಗ, ಯಾರಿಗೂ ಗೊತ್ತಾಗದಂಗ ಚೂರು ಚೂರು ಮಾರಿದ. ಬೆಲಿ ಇಳಿಯೂ ಹಾದಿ ನೋಡಿದ. ಇಳೀಲಿಲ್ಲ. ಕಂಪನಿಗೋಳು ಎಲ್ಲಾ ಬಡ್ಡಿ ಸರಿಯಾಗಿ ಕಟ್ಟಾಕತ್ತಿದ್ವು. ತಿರುಗಿ ಕೊಡೂ ಗಡುವು ಬಂತು. ಈ ಇಟಿಎಫ್ ದಿನಾ ಮಾರಾಟ ಆಗೂದಽ ಹನ್ನೆರಡು ನೂರು ಯೂನಿಟ್. ಪೇಟ್ಯಾಗ ಬಂದದ್ದೆಲ್ಲಾ ಇಂವ ಒಬ್ಬನಽ ಕೊಂಡ್ರೂ ಇಪ್ಪತ್ತು ದಿನಾ ಬೇಕು. ಕೊಳ್ಳಾಕ ಕೈ ಹಾಕಿದ್ರ ಬೆಲಿ ಏರ್ತೈತಿ. ಖರೆ ಹೇಳಬೇಕಂದ್ರ ಹದಿನೈದು ಅನ್ನೂ ಅಂಕಿ ಕಂಡು ಅಂಜಬೇಕಾಗಿದ್ದಾಂವ ಇವನಽ."

ವಿಜಯಮಹಾಂತೇಶ ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದ.

"ಅವಗ ಬೇಕಾಗಿದ್ದು ಒಟ್ಟಿಗೆ ಮಾರೂ ಒಬ್ಬ ದೊಡ್ಡ ಹಿಡುವಳಿದಾರ. ಅಂಥಾವ್ರು ಇದ್ದದ್ದು ಈ ನಿಧಿಯವ್ರು ಒಬ್ಬರಽ. ತನ್ನ ಅಂಜಿಕಿ ಒಯ್ದು ಮುದುಕನ ತಲ್ಯಾಗ ಇಟ್ಟ. ಉಳಿದ ಇಪ್ಪತ್ನಾಲ್ಕು ಸಾವಿರ ಒಂದಽ ಮುಂಜಾನೆ ಪೇಟಿಗೆ ಬಿದ್ವು. ಅವನ್ನ ಒಂಬೈನೂರರಂಗ ಕೊಂಡು, ನಿಧಿಯವರ ಮಾಲು ನಿಧಿಯವರಿಗೇ ತಿರುಗಿ ಕೊಟ್ಟ. ಈಗ ನೋಡ್ರಿ, ಬೆಲಿ ಮತ್ತ ಸಾವಿರದಾ ನೂರು."

"ಚಲೋ ಕಥಿ" ಎಂದ ಅವನು. "ಎರವಲು ತಂದಾಂವ ಯಾರು?"

"ಸಂಜಿಯೊಳಗ ಮುಂಬೈಯಿಂದ ಹೆಸರು ಬರ್ತೈತಿ."

"ಸಂಜಿತನಕ ಯಾಕ ಕಾಯ್ತೀರಿ, ನಾನಽ ಹೇಳ್ತೇನಿ." ಬಾಗಿಲ ಕಡೆ ನೋಡಿ ಕರೆದ. "ಶೀಲಾ, ಒಳಗ ಬಾರವಾ."

ಅವಳು ಬಂದು ಗೋಡೆಗೆ ಒರಗಿ ನಿಂತಳು.

"ತಂದಾಂವ ಅಲ್ರಿ ಮೇಡಂ" ಎಂದ ವಿಜಯಮಹಾಂತೇಶ. "ತಂದಾಕಿ. ಖಾತೆ ಇಕಿ ಹೆಸರಿನಾಗ ಐತಿ. ನನಗೂ ಮೊನ್ನೆ ಗೊತ್ತಾತು."

ಕಸ್ತೂರಿ ಶೀಲಾಳನ್ನು ನೋಡಿದಳು. ಮುದುಕ ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೆ ಇನ್ನು ಬೇರೆ ಕಾರಣ ಹುಡುಕಬೇಕಿರಲಿಲ್ಲ. ಗೆದ್ದೆ ಎಂದು ಅನ್ನಿಸಲಿಲ್ಲ. ಮನೆಗೆ ಹೋಗಿ ಮಲಗಬೇಕೆನ್ನಿಸಿತು.

"ನಿನಗ ಪಗಾರ ಎಷ್ಟು ಶೀಲಾ?"

"ಹದಿನಾಲ್ಕು ಸಾವಿರ."

"ಇಷ್ಟು ಯೂನಿಟ್ ಎರವಲು ತರಬೇಕಂದ್ರ ಎರಡೂವರಿ ಕೋಟಿಗಿಂತ ಹೆಚ್ಚಿನದು ಏನರ ಒತ್ತಿ ಇಡಬೇಕು. ಇಡದಿದ್ರ ಪೇಟಿಯವ್ರು ಒಂದು ಯೂನಿಟ್ಟೂ ಕೊಡೂದಿಲ್ಲ. ನೀ ಒತ್ತಿ ಇಟ್ಟದ್ದು ಯಾರದು?"

ವಿಜಯಮಹಾಂತೇಶನ ಕೈಯಲ್ಲಿ ಪೆನ್ನು ನಿಂತಿತು. ಶೀಲಾ ಅವನತ್ತ ನೋಡಲಿಲ್ಲ. ನೋಡದೆ ಇರಲು ಅವಳು ಕಷ್ಟಪಡುತ್ತಿದ್ದಳು.

"ನಿಮ್ಮಪ್ಪಗ ಆ ಪುಟಾ ಓದಿ ಹೇಳಿದ್ದು ನೀನಽ. ಓದಿ ಹೇಳು ಅಂತ ನಿನಗ ಹೇಳಿದ್ದು ಯಾರು? ಒಂದು ಹೆಸರು ಹೇಳು. ನೀನೂ ಉಳೀತಿ, ಅವನೂ ಉಳೀತಾನ."

ಅವಳ ತುಟಿ ಬಿರಿಯಿತು. ಆ ಹೊತ್ತಿಗೇ ಕಸ್ತೂರಿಯ ಫೋನು ಬಡಿದುಕೊಂಡಿತು.

ಬಾದಾಮಿ ಠಾಣೆಯವರು. ಹೊಳಬಸಪ್ಪ ಎಂಬ ಮುದುಕ ಆಟೋ ಹಿಡಿದು ಬಂದು ಬೆಂಚಿನ ಮೇಲೆ ಕೂತಿದ್ದಾನೆ. ಎಲ್ಲವನ್ನೂ ತಾನೇ ಮಾಡಿದೆ ಎನ್ನುತ್ತಿದ್ದಾನೆ. ಮಗಳ ಹೆಸರಿನ ಖಾತೆ ತಾನೇ ತೆಗೆದದ್ದು, ಅವಳಿಗೆ ಏನೂ ಗೊತ್ತಿಲ್ಲ. ಹೇಳಿಕೆ ಬರೆದುಕೊಂಡಾಗಿದೆ, ಸಹಿ ಆಗಿದೆ. ಬಾಗಲಕೋಟೆಯ ಸಾಹೇಬರಿಗೂ ತಿಳಿಸಿದ್ದಾರೆ. ಹೆಸರು ಸಿಕ್ಕಿತಲ್ಲ, ಕಸ್ತೂರಿಗೆ ಹಿಂದಿರುಗಲು ಹೇಳಿ ಎಂದರಂತೆ.

"ಒತ್ತಿ ಇಟ್ಟ ರೊಕ್ಕ ಯಾರದು ಅಂತ ಕೇಳಿದ್ರೇನ್ರಿ?" ಎಂದಳು ಕಸ್ತೂರಿ.

"ಅದೇನ್ರಿ ಮೇಡಂ, ಒತ್ತಿ?" ಎಂದಿತು ಆ ಕಡೆಯ ದನಿ.

ಅವಳು ಫೋನು ಇಟ್ಟಳು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನಿಮ್ಮಪ್ಪ ಬಾದಾಮಿ ಠಾಣಾದಾಗ ಕುಂತಾನ. ಎಲ್ಲಾ ನಾನಽ ಮಾಡೇನಿ ಅಂತ ಬರದುಕೊಟ್ಟಾನ. ನಿನ್ನ ಸಲುವಾಗಿ. ಈಗ ಹೇಳಿದ್ರೂ ತಡಾ ಆಗಿಲ್ಲ."

ಶೀಲಾ ಒಮ್ಮೆ ವಿಜಯಮಹಾಂತೇಶನತ್ತ ನೋಡಿ ಗೋಡೆಯಿಂದ ಬೆನ್ನು ತೆಗೆದಳು. ದುಪ್ಪಟ್ಟಾ ಸರಿಪಡಿಸಿಕೊಂಡಳು. ಅವಳು ಅಳುತ್ತಾಳೆ ಎಂದು ಕಸ್ತೂರಿ ಕಾದಳು. ಅಳಲಿಲ್ಲ.

"ಖರೆ ಐತ್ರಿ" ಎಂದಳು ಶೀಲಾ. "ಅಪ್ಪನಽ ಮಾಡ್ಯಾನ."

"ಏನಂದಿ?"

"ಅಪ್ಪನಽ ಮಾಡ್ಯಾನ್ರಿ. ನನ್ನ ಫೋನಿಗೆ ಬಂದ ಓಟಿಪಿ ತಗೊಂಡು ಅವನಽ ಹಾಕ್ಯಾನ. ನಾ ಕಣ್ಣಾರೆ ಕಂಡೇನಿ."

"ಕೋರ್ಟಿನಾಗೂ ಇದಽ ಹೇಳ್ತೀಯಾ?"

"ಹೇಳ್ತೇನ್ರಿ."

ವಿಜಯಮಹಾಂತೇಶ ಪೆನ್ನಿಗೆ ಟೊಪ್ಪಿಗೆ ಹಾಕಿ ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡ. "ಪಾಪ" ಎಂದ. ಯಾರಿಗೆ ಅಂದದ್ದೋ ತಿಳಿಯಲಿಲ್ಲ. ಶೀಲಾ ಹೊರಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಕೀಲಿಮಣೆಯ ಸದ್ದು ಮತ್ತೆ ಶುರುವಾಯಿತು.

ಕೆಳಗೆ ಫಕ್ರುಸಾಬ ಜೀಪಿನ ನೆರಳಲ್ಲಿ ನಿಂತು ಮಿರ್ಚಿ ತಿನ್ನುತ್ತಿದ್ದ. ಅವಳ ಮುಖ ನೋಡಿ ಕಾಗದ ಮುದುಡಿ ಎಸೆದ.

"ಏನಾತ್ರಿ ಮೇಡಂ? ಏನರ ಸಿಕ್ತೇನು?"

"ಸಿಕ್ಕಿತ್ತು" ಎಂದಳು ಕಸ್ತೂರಿ. "ಹೋತು."

ಅವಳು ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, ಹೋದದ್ದರ ಲೆಕ್ಕ ಹಾಕಿದಳು. ಯೂನಿಟ್ಟಿಗೆ ಇನ್ನೂರರಂತೆ ನಲವತ್ತೆಂಟು ಲಕ್ಷ ರೂಪಾಯಿ. ಹನ್ನೊಂದು ಮಂದಿಯ ಈ ತಿಂಗಳ ಔಷಧ. ಅಪ್ಪ, ಮಗಳು, ಇಬ್ಬರು ಸಾಕ್ಷಿಗಳು.